ದುಭಾಷಿಯ ಲೆಕ್ಕ

ಗಂಟೆಗಿಷ್ಟು ಎಂದು ಮಾತು.
ಓಡಾಟದ ಖರ್ಚು ಬೇರೆ, ಊಟ ಅವರದೇ.
ಇಪ್ಪತ್ತೆರಡು ವರ್ಷದಿಂದ ಇಟಲಿಯವರ ಮಾತನ್ನು
ಬಲ್ಗೇರಿಯದವರಿಗೆ ದಾಟಿಸುತ್ತೇನೆ:
ಮದುವೆ, ಟ್ರ್ಯಾಕ್ಟರು, ಆಸ್ತಿಪತ್ರ,
ಒಮ್ಮೊಮ್ಮೆ ಮಗು.

ಈ ಸಲ ವಿದಿನ್. ಫೆಬ್ರವರಿ.
ಡ್ಯಾನ್ಯೂಬ್ ಮೇಲೆ ಮಂಜು ಎಷ್ಟೆಂದರೆ
ಆಚೆ ದಡದಲ್ಲಿ ರುಮೇನಿಯ ಇದೆಯೆಂದು ನಂಬಬೇಕು, ಅಷ್ಟೆ.
ತ್ರಿಯೆಸ್ತೆಯಿಂದ ಬಂದವರು ಇಬ್ಬರು:
ನಿವೆಸ್, ಕನ್ನಡಕದಂಗಡಿಯಲ್ಲಿ ಕೆಲಸ;
ಫೆರುಚ್ಚೊ, ಬಸ್ಸು ಓಡಿಸುವವನು.
ಹಿಂದಿನ ಸೀಟಿನಲ್ಲಿ ನೀಲಿ ಜಾಕೆಟ್ಟು,
ಫೈಲಿನ ಫೋಟೋ ನೋಡಿ ಕೊಂಡದ್ದು.
ಫೋಟೋಗೆ ಮೂರು ವರ್ಷವಾಗಿತ್ತು.
ಫೋಟೋ ಬೆಳೆಯುವುದಿಲ್ಲವಲ್ಲ.

ಗಲಿನ್‌ಗೆ ಹನ್ನೊಂದು. ತೋಳು
ಮಣಿಕಟ್ಟಿಗೆ ನಾಲ್ಕು ಬೆರಳು ಮೊದಲೇ ನಿಂತಿತು.
ಅಂಗಡಿಗೆ ಹೋಗಿ ಬೇರೆ ತರೋಣ ಎಂದಳು ನಿವೆಸ್, ಮುಖ ಕೆಂಪಾಗಿ.
ಅನುವಾದಿಸಿದೆ.
ಅವನು ಜಿಪ್ಪನ್ನು ಗಂಟಲವರೆಗೆ ಎಳೆದುಕೊಂಡು
ತಲೆಯನ್ನು ಮೇಲಕ್ಕೂ ಕೆಳಕ್ಕೂ ಆಡಿಸಿದ.
ಒಪ್ಪಿದನೆಂದು ಅವಳು ಪರ್ಸು ತೆಗೆದಳು.
ಹೇಳಬೇಕಾಯಿತು: ನಮ್ಮಲ್ಲಿ ಹಾಗೆಂದರೆ ಬೇಡ;
ಅಡ್ಡಡ್ಡ ಆಡಿಸಿದರೆ ಹೂಂ.

ಅವರು ಕಳಿಸಿದ್ದ ಆಲ್ಬಂ ಅವನಿಗೆ ಬಾಯಿಪಾಠ.
ಐದನೇ ಪುಟದಲ್ಲಿ ಮೆಟ್ಟಿಲು, ಆರರಲ್ಲಿ ಸಮುದ್ರ,
ಏಳರಲ್ಲಿ ಒಂದು ಕಿವಿ ಮಡಿಚಿದ ನಾಯಿ.
ಮೊದಲ ಪ್ರಶ್ನೆ ಅದರದೇ:
‘ಬ್ರೀಚೊಲಾ ಯಾಕೆ ಬರಲಿಲ್ಲ?’
ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು.
ನಾಯಿಗೆ ವಿಮಾನ ಆಗಿಬರುವುದಿಲ್ಲ ಅನ್ನಿ,
ನಿವೆಸ್ ನನ್ನ ಕಿವಿಯಲ್ಲಿ.
ನಾನು ಬಾಯಿ ತೆರೆಯುವಷ್ಟರಲ್ಲಿ
ಫೆರುಚ್ಚೊ ಜೇಬಿನ ಪುಟ್ಟ ಪುಸ್ತಕ ತಿರುವಿ
ಕಲ್ಲು ಕಡಿದಂತೆ ನಮ್ಮ ಭಾಷೆಯಲ್ಲಿ ಒಂದೇ ಶಬ್ದ ಹೇಳಿದ:
ಸತ್ತಿತು.
ಲಿಂಗ ತಪ್ಪಿತ್ತು; ಹೆಣ್ಣು ನಾಯಿಯನ್ನು ಗಂಡು ಮಾಡಿದ್ದ.
ಯಾರೂ ತಿದ್ದಲಿಲ್ಲ.
ಗಲಿನ್ ಬಹಳ ಹೊತ್ತು ಅವನನ್ನೇ ನೋಡಿದ,
ಚಿಲ್ಲರೆ ಸರಿಯಾಗಿ ಎಣಿಸಿಕೊಟ್ಟ ಅಂಗಡಿಯವನನ್ನು ನೋಡುವ ಹಾಗೆ.

ಆಮೇಲೆ ಕಿಟಕಿಗೆ ತಿರುಗಿ, ನನಗೆ ಮಾತ್ರ ಎಂಬಂತೆ:
‘ವಾಪಸ್ ಕಳಿಸಿದರೆ ನನ್ನ ಮಂಚ ಖಾಲಿ ಇರುತ್ತಾ?’

ಏನಂದ, ಏನಂದ?
ಮಂಚ ಎಷ್ಟು ದೊಡ್ಡದು ಎಂದು ಕೇಳುತ್ತಾನೆ, ಅಂದೆ.
ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ
ತೂಕದಲ್ಲಿ ಮೋಸ ಮಾಡಿದೆ.
ಅವಳು ಖುಷಿಯಲ್ಲಿ ಎರಡೂ ಕೈ ಅಗಲಿಸಿದಳು: ಇಷ್ಟು!
ಹುಡುಗ ಆ ಕೈಗಳನ್ನು ನೋಡಿದ. ನನ್ನನ್ನು ನೋಡಿದ.
‘ಅತ್ತೆ, ನೀವು ತಪ್ಪು ಹೇಳಿದಿರಿ.’

ಇದ್ದದ್ದನ್ನು ಇದ್ದ ಹಾಗೆ ಹೇಳಿದೆ, ಎರಡು ಸಲ;
ಮೊದಲ ಸಲ ಸ್ವರವೇ ಹೊರಡಲಿಲ್ಲ.
ಗೋಡೆಯ ಹೀಟರು ಕಟಕಟ ಅಂದಿತು.
ನಿವೆಸಳ ಕೈಗಳು ಅಗಲವಾಗಿಯೇ ಇದ್ದವು,
ಇಳಿಸುವುದು ಹೇಗೆಂದು ಮರೆತಂತೆ.
ಫೆರುಚ್ಚೊ ಎದ್ದ. ಯಾವ ಮಂಚ, ತೋರಿಸಲಿ, ಅಂದ.

ಎರಡನೇ ಮಹಡಿ. ಕಿಟಕಿ ಪಕ್ಕದ್ದು.
ಆಗಲೇ ಬೇರೆ ಹೊದಿಕೆ,
ಹೊದಿಕೆಯ ಮೇಲೆ ಆರು ವರ್ಷದವನೊಬ್ಬ,
ಮೂಗಿನಲ್ಲಿ ಬೆರಳು.
ಗಲಿನ್‌ಗೆ ಗೊತ್ತಿತ್ತು. ನಿನ್ನೆಯೇ ಗೊತ್ತಿತ್ತು.
ಮಂಡಿಯೂರಿ, ಮಂಚದ ಕುಂಟು ಕಾಲಿನ ಕೆಳಗೆ
ಮಡಿಸಿಟ್ಟ ರಟ್ಟು ತೋರಿಸಿ ಚಿಕ್ಕವನಿಗೆ ಹೇಳಿದ:
‘ಗುಡಿಸುವಾಗ ತೆಗೆದುಬಿಡುತ್ತಾರೆ.
ಶನಿವಾರ ಶನಿವಾರ ನೋಡಿಕೋ.’
ಏನಂದ ಎಂದು ಈ ಸಲ ಯಾರೂ ಕೇಳಲಿಲ್ಲ.
ಫೆರುಚ್ಚೊನೂ ಮಂಡಿಯೂರಿದ್ದ,
ಹೆಬ್ಬೆರಳಲ್ಲಿ ರಟ್ಟನ್ನು ಒತ್ತಿ ನೋಡುತ್ತಿದ್ದ,
ಹೊರಡುವ ಮುಂಚೆ ಟೈರು ನೋಡುವ ಹಾಗೆ.

ಮುದ್ರೆಗಳೆಲ್ಲ ಬಿದ್ದ ಮೇಲೆ, ಸೋಫಿಯಾ, ವಿಮಾನ ನಿಲ್ದಾಣ.
ಜ್ಯೂಸ್ ಬೇಕಾ ಎಂದು ಲೋಟ ಎತ್ತಿ ತೋರಿಸಿದ ಫೆರುಚ್ಚೊ.
ಗಲಿನ್ ಅವರಿಗೋಸ್ಕರ ಕಲಿತದ್ದನ್ನು ನೆನೆದು
ಮೇಲೆ ಕೆಳಗೆ ತಲೆಯಾಡಿಸಿದ.
ಅವನಿಗೋಸ್ಕರ ಕಲಿತಿದ್ದ ಫೆರುಚ್ಚೊ
ಬೇಡವಂತೆ ಎಂದು ತಾನೇ ಕುಡಿದುಬಿಟ್ಟ.
ಇಬ್ಬರೂ ನನ್ನ ಕಡೆ ತಿರುಗಿದರು.
ನಾನು ಬ್ಯಾಗಿನಲ್ಲಿ ಏನೋ ಹುಡುಕುತ್ತಿದ್ದೆ.

ಬಿಲ್ಲಿನಲ್ಲಿ ನಲವತ್ತೊಂದು ಗಂಟೆ ಬರೆದು
ಒಂದನ್ನು ಹೊಡೆದುಹಾಕಿ ಕೊಟ್ಟೆ.
ಯಾಕೆಂದು ನಿವೆಸ್ ಕೇಳಲಿಲ್ಲ.

ಗಾಜಿನಾಚೆ ಮೂವರೂ ಸಾಲಿನಲ್ಲಿ,
ಬೆಲ್ಟು ಬಿಚ್ಚುತ್ತ, ನಾಣ್ಯ ತೆಗೆಯುತ್ತ.
ಜಾಕೆಟ್ಟನ್ನು ಟ್ರೇಗೆ ಹಾಕು ಎನ್ನುತ್ತಿದ್ದಾನೆ ಸಿಪಾಯಿ.
ಹುಡುಗ ತಲೆಯಾಡಿಸಿದ.
ಯಾವ ಭಾಷೆಯಲ್ಲೋ
ಇಲ್ಲಿಂದ ತಿಳಿಯಲಿಲ್ಲ.