ಏಳು ಹೆಚ್ಚಿಗೆ

ದೇವಿಕೊಪ್ಪದ ಆಚೆ, ಗೌಳಿ ದಡ್ಡಿಯ ಹಿಂದಿನ ಕಾಡು.
ಸಂಕ್ರಾಂತಿ ಕಳೆದ ವಾರ
ನನ್ನ ಕೈಗೆ ಒಂದು ಡಬ್ಬಿ ಬಿಳಿ ಬಣ್ಣ, ಒಂದು ಕುಂಚ,
ಗೆರೆ ಹೊಡೆದ ದಫ್ತರ.
ಸಾಗವಾನಿ, ಮತ್ತಿ, ಹೊನ್ನಿ: ಎದೆಯೆತ್ತರದ ಸುತ್ತಳತೆ, ನಂಬರು.
ತಾರಿ ಮರದ ಮುಂದೆ ಸಾಹೇಬರು ಮೊದಲೇ ಬರೆದಿದ್ದರು,
'ನಾಟಾಕ್ಕೆ ಬಾರದು.'

ಬುಡದಲ್ಲಿ ಕಾಲಿಡಲು ಜಾಗವಿರಲಿಲ್ಲ.
ಬೂದಿ ಮಖಮಲ್ಲಿನ ಕಾಯಿ, ಅರ್ಧ ತಿಂದವು,
ಮುಳ್ಳುಹಂದಿ ಹಲ್ಲೂರಿ ಬೇಸತ್ತು ಬಿಟ್ಟವು,
ಇರುವೆ ಒಳಗೆ ಸಂಸಾರ ಹೂಡಿದವು.
ಮೇಲೆ ಪೊಟರೆಯ ಬಾಯಿಗೆ
ಹೋದ ಬೇಸಿಗೆ ಮಂಗಟ್ಟೆ ಕಟ್ಟಿಕೊಂಡಿದ್ದ ಮಣ್ಣಿನ ಬಾಗಿಲು,
ಒಡೆದ ಅಂಚು ಹಾಗೇ ಇತ್ತು.

ಠಕುಬಾಯಿ ಎಡಗೆ ಬುಟ್ಟಿಗೆ ಆಯುತ್ತಿದ್ದಳು,
ಹುಬ್ಬಳ್ಳಿಯ ಗಿಡಮೂಲಿಕೆ ಅಂಗಡಿಗೆ.
"ನಂಬರ್ ಹಚ್ಚು, ಬ್ಯಾಡನ್ನೂದಿಲ್ಲ.
ಹೂ ಬಿಟ್ಟಾಗೊಮ್ಮೆ ಬಾ, ಮೂಗು ಗಟ್ಟಿದ್ರ.
ಹೊಲಸ ನಾತ! ನೊಣ, ಜೇನು ಎಲ್ಲಾ ಅದರ ಮ್ಯಾಲೇ.
ಚಲೋ ವಾಸನಿ ಬೇಕಾದ್ದು ನಿಮ್ಮಂಥೋರಿಗೆ."

ಕತ್ತಲಾಯಿತು, ದಡ್ಡಿಯಲ್ಲೇ ಉಳಿದೆ.
ಎಮ್ಮೆಗಳ ಮೆಲುಕು.
ನಡುನಡುವೆ ಟಕ್.
ಸ್ವಲ್ಪ ಹೊತ್ತು ಏನಿಲ್ಲ.
ಮತ್ತೆ ಟಕ್, ಟಕ್,
ಹಾಸುಗಲ್ಲಿನ ಮೇಲೆ ಯಾರೋ ನಿದ್ದೆಯಲ್ಲಿ ರೊಕ್ಕ ಎಣಿಸಿದ ಹಾಗೆ.
"ತಾರಿ ಗೊರಟ," ಎಂದಳು ಕಂಬಳಿಯೊಳಗಿಂದ.
"ಹಗಲ ನುಂಗತಾವ, ರಾತ್ರಿ ಉಗಳತಾವ.
ಜಿಂಕಿನೂ ಹಂಗ, ತಾ ಮಲಗೋ ಜಾಗಾದಾಗ."

ಬೆಳಗ್ಗೆ ಗುಡಿಸಿ, ಸಗಣಿಯ ಸಮೇತ
ಬೇಲಿಯಾಚೆ ಚೆಲ್ಲಿದಳು.
ಅಲ್ಲಿ ಮೊಣಕಾಲೆತ್ತರದ ಹನ್ನೆರಡು ತಾರಿ
ಸಾಲು ತಪ್ಪಿ ನಿಂತಿದ್ದವು.
ನಾವು ಗುಂಡಿ ತೋಡಿ, ಹಗ್ಗ ಹಿಡಿದು ನೆಟ್ಟ ಸಾಲಿನಲ್ಲಿ
ಉಳಿದದ್ದು ಎರಡು. ಅದನ್ನು ಅವಳಿಗೆ ಹೇಳಲಿಲ್ಲ.

ಗೊರಟ ಜಜ್ಜಿ ತಿರುಳು ಕೊಟ್ಟಳು, ಬಾದಾಮಿಯ ರುಚಿ.
"ನಾಕರ ಮ್ಯಾಲೆ ತಿನ್ನಬ್ಯಾಡ."
ಒಂದು ಹಿಡಿ ತಿಂದೆ.
ಮಧ್ಯಾಹ್ನದ ಹೊತ್ತಿಗೆ ಕಾಡು ನಿಂತಲ್ಲಿ ನಿಲ್ಲಲಿಲ್ಲ,
ಒಂದು ಮರದ ಹಿಂದಿನಿಂದ ಅದೇ ಮರ ಇಣುಕಿತು.
ಬರೆಯುತ್ತಲೇ ಹೋದೆ.

ಬಣ್ಣ ಬಳಿದದ್ದು ನಲವತ್ತೊಂದಕ್ಕೆ,
ದಫ್ತರದಲ್ಲಿ ನಲವತ್ತೆಂಟು.
ಸಾಹೇಬರು ಕನ್ನಡಕದ ಮೇಲಿಂದ ನೋಡಿದರು:
"ಹೋಗು, ಮತ್ತೆ ಎಣಿಸು."

ಎಣಿಸಿದೆ. ಏಳನ್ನು ಹೊಡೆದುಹಾಕಲು ಪೆನ್ನು ತೆಗೆದೆ.
ಠಕುಬಾಯಿ ನಕ್ಕಳು, ತಲೆಯ ಬುಟ್ಟಿ ಇಳಿಸದೆ.
"ಇರಲಿ ಬಿಡೋ ತಮ್ಮಾ.
ಆ ಏಳು ಇನ್ನೂ ಎಮ್ಮಿ ಹೊಟ್ಟ್ಯಾಗ ಅದಾವ."