ಕಡಿತದ ಕಾಲಂನಲ್ಲಿ ಮೀನು

ಮತೊಸಿನ್ಯೋಸ್ ಬಂದರಿನಲ್ಲಿ, ಎಂಬತ್ತೇಳರ ಚಳಿಗಾಲ,
ಬೂತಾಯಿ ಮೀನನ್ನು ಡಬ್ಬಿಗೆ ತುಂಬುವ ಕಾರ್ಖಾನೆಯ ಮಹಡಿಯಲ್ಲಿ
ಒಂದು ಕಂಪ್ಯೂಟರ್ ಇತ್ತು.
ಕಪ್ಪು ಗಾಜು, ಹಸಿರು ಅಕ್ಷರ,
ಒಲೆಯಿಂದ ಇಳಿಸಿದ ಹಂಚಿನ ಹಾಗೆ ಬಿಸಿ ಬೆನ್ನು.
ಅದರ ಮುಂದೆ ಚಿಕ್ಕಮ್ಮ ಎವುಲಾಲಿಯಾ,
ಇನ್ನೂರ ಹದಿನಾರು ಹೆಂಗಸರ ವಾರದ ಕೂಲಿ ಬರೆಯುವವಳು.
ಶನಿವಾರ ಮಧ್ಯಾಹ್ನ ಬೀಗದಕೈ ಅಣ್ಣನಿಗೆ:
"ಮುಟ್ಟಿ. ಮುರೀಬೇಡಿ."

ಔಷಧಿ ಅಂಗಡಿಯವರ ಮನೆಯಲ್ಲಿ
ಟೀವಿಗೆ ಸಿಕ್ಕಿಸುವ ರಬ್ಬರ್ ಕೀಲಿಯ ಪುಟ್ಟ ಪೆಟ್ಟಿಗೆಯೊಂದಿತ್ತು.
ಅಂಗೈಗಿಂತ ತುಸು ಅಗಲ.
ಅದರೊಳಗೆ ಜನ ಓಡುತ್ತಿದ್ದರು, ಹಾರುತ್ತಿದ್ದರು,
ಬಿದ್ದು ಸತ್ತು, ಮತ್ತೆ ಎದ್ದು ಓಡುತ್ತಿದ್ದರು.
ನಮ್ಮದು ಅದರ ಮೂವತ್ತು ಪಟ್ಟು ಬೆಲೆಯದು.
"ಅದು ಮಾಡೋದನ್ನ ಇದು ಮಾಡದೇ ಇರುತ್ತಾ?"
ಅಣ್ಣ ಝೆಫೆರಿನೊನ ತರ್ಕ. ನನಗೂ ಸರಿ ಎನಿಸಿತ್ತು.

ಮೂರು ಶನಿವಾರ ಬರೆದ.
ಒಂದು ಮೀನು, ಒಂದು ಬಲೆ. ಮೀನು ತಪ್ಪಿಸಿಕೊಳ್ಳಬೇಕು.
ಮೀನೆಂದರೆ ಮೀನಲ್ಲ: ಒಂದು ಕಂಸ, ಒಂದು ಸೊನ್ನೆ, ಒಂದು ನಕ್ಷತ್ರ.
ಚಿತ್ರವೆಂಬುದೇ ಆ ಯಂತ್ರಕ್ಕೆ ಗೊತ್ತಿರಲಿಲ್ಲ;
ಎಂಬತ್ತು ಮನೆ ಅಗಲ, ಇಪ್ಪತ್ತನಾಲ್ಕು ಸಾಲು,
ಮನೆಗೊಂದೇ ಅಕ್ಷರ, ಒಂಟಿ ಬಾಡಿಗೆದಾರರ ಹಾಗೆ.
ಎರಡು ಮನೆಯ ನಡುವೆ ನಿಲ್ಲುವಂತಿಲ್ಲ.
ಮೀನು ಈಜುತ್ತಿರಲಿಲ್ಲ,
ಮನೆ ಬದಲಾಯಿಸುತ್ತಿತ್ತು.

ಬಾಲ ಹಿಂದೆಯೇ ಉಳಿಯುತ್ತಿತ್ತು.
ಲೆಕ್ಕದವರ ಕಣ್ಣು ದಣಿಯದಿರಲೆಂದು
ನಿಧಾನವಾಗಿ ಆರುವ ಹಸಿರನ್ನು ಬಳಿದಿದ್ದರು ಗಾಜಿಗೆ,
ಬರೆದದ್ದನ್ನು ಒಂದು ಗಳಿಗೆ ಮರೆಯದ ಗಾಜು.
ಒಂದು ಮೀನು ಹೊರಟರೆ ಬೆನ್ನಿಗೆ ಐದು ಮೀನಿನ ದೆವ್ವ,
ಯಾವುದು ಬದುಕಿದೆಯೆಂದು ಬಲೆಗೂ ತಿಳಿಯದು.

ಕೀಲಿಮಣೆಯದು ಇನ್ನೊಂದು ಕತೆ.
ಒತ್ತಿ ಹಿಡಿದರೆ ಕೆಮ್ಮಿ, ಯೋಚಿಸಿ, ಆಮೇಲೆ ಗಡಗಡ ಓಡುವುದು.
ಎರಡು ಒತ್ತಿದರೆ ಒಂದರ ಕೈ ಬಿಡುವುದು.
ಗುಮಾಸ್ತೆ ಒಮ್ಮೆಗೆ ಒಂದೇ ಅಂಕಿ ಬರೆಯುವವಳಲ್ಲವೇ?
ಮೇಲಕ್ಕೂ ಬಲಕ್ಕೂ ಒಟ್ಟಿಗೆ ಹೊರಡುವ ಮೀನನ್ನು
ಅದನ್ನು ಕಟ್ಟಿದವರು ಕನಸಲ್ಲೂ ಕಂಡಿರಲಿಲ್ಲ.
ಸದ್ದು ಒಂದೇ: ಟಣ್.
ತಪ್ಪು ಅಂಕಿಗೆಂದು ಇಟ್ಟದ್ದು.
ಮೀನು ಗೆದ್ದರೂ ಟಣ್, ಸತ್ತರೂ ಟಣ್.

ಪರದೆ ಅಳಿಸಿ ಬರೆಯಲು ಮೂರು ಸೆಕೆಂಡು, ನಾನು ಎಣಿಸಿದ್ದೆ.
ಅಷ್ಟರಲ್ಲಿ ಸಮುದ್ರ ಮೇಲಿನಿಂದ ಕೆಳಕ್ಕೆ
ಅಂಗಡಿಯ ಷಟರಿನ ಹಾಗೆ ಮುಚ್ಚಿಕೊಳ್ಳುತ್ತಿತ್ತು.

"ದುಬಾರಿ ದಡ್ಡ!" ಅಣ್ಣ ಮೇಜಿನ ಕಾಲಿಗೆ ಒದ್ದ.
ಬಾಗಿಲಲ್ಲಿ ಚಿಕ್ಕಮ್ಮ.
"ದಡ್ಡ ಅಲ್ಲವೋ. ಆರು ವರ್ಷದಲ್ಲಿ ಒಂದು ಬಿಡಿಕಾಸು ತಪ್ಪಿಲ್ಲ ಅದು.
ಆ ರಬ್ಬರ್ ಪೆಟ್ಟಿಗೇಲಿ ಸಂಬಳ ಬರೀತೀಯಾ?
ಅರ್ಧ ಕಾರ್ಖಾನೆ ಹಾರಿ ಬಿದ್ದು ಸತ್ತೀತು."

ಪಾಳಿ ಮುಗಿಸಿ ಅಮ್ಮ ಹತ್ತಿ ಬಂದಳು,
ಏಪ್ರನ್ನಿನ ತುಂಬ ಹುರುಪೆ.
"ಕತ್ತಲೇಲಿ ಏನ್ ಮಾಡ್ತೀರಿ?" ಕಿಟಕಿಯ ಬಟ್ಟೆ ಸರಿಸಿದಳು.
ಕಡಲ ಕಡೆಯ ಬಿಸಿಲು ಓರೆಯಾಗಿ ಗಾಜಿಗೆ ಬಿದ್ದಾಗ ಕಂಡಿತು:
ಆರು ವರ್ಷ ಒಂದೇ ಕಡೆ ನಿಂತು ನಿಂತು
ಗಾಜಿನೊಳಗೆ ಸುಟ್ಟು ಕೂತ ತಲೆಬರಹಗಳು.
ಹೆಸರು. ಗಂಟೆ. ಡಬ್ಬಿ. ಕಡಿತ. ಕೈಗೆ.

ಮೀನು ಹೊರಟಿತು.
ಹೆಸರನ್ನು ದಾಟಿತು, ಗಂಟೆಯನ್ನು ದಾಟಿತು,
ಐದು ದೆವ್ವಗಳ ಸಮೇತ ಡಬ್ಬಿಯನ್ನೂ ದಾಟಿತು,
ಕಡಿತದ ಕೆಳಗೆ ಬಂದು ನಿಂತಿತು.
ಅಮ್ಮ ಒತ್ತಿದಳು, ಉಪ್ಪುನೀರಿಗೆ ಬಿರಿದ ಬೆರಳಲ್ಲಿ.
ಮತ್ತೆ ಒತ್ತಿದಳು.
ಬಲೆ ಬಂತು.
ಟಣ್.

ಅಮ್ಮ ನಕ್ಕಳು. ಕುರ್ಚಿ ಹಿಡಿದುಕೊಂಡು ನಕ್ಕಳು.
"ಎವುಲಾಲಿಯಾ, ಹುಡುಗ ಸರಿಯಾಗೇ ಬರೆದಿದಾನೆ ಕಣೇ.
ನನ್ನದೂ ವಾರ ವಾರ ಅಲ್ಲೇ ಸಿಕ್ಕಿಹಾಕಿಕೊಳ್ಳೋದು."

ಚಿಕ್ಕಮ್ಮ ನಗಲಿಲ್ಲ. ಕಿಟಕಿಯಾಚೆ ನೋಡಿದಳು.
ಯಂತ್ರ ಕೇಳುತ್ತಿತ್ತು, ಯಾವ ಅವಸರವೂ ಇಲ್ಲದೆ:
ಮತ್ತೊಮ್ಮೆ? ಹೌದು, ಇಲ್ಲ.

ಅಮ್ಮ ಕೈ ಒರೆಸಿಕೊಂಡು ಕೂತಳು.
"ಹೌದು ಯಾವುದೋ? ಇದಾ?"