ಬಕೆಟ್ಟಿನ ಉಸಿರು

ನಮ್ಮ ಮನೆಯಲ್ಲಿ ಎರಡು ಮೋಟಾರು.
ಒಂದು ನನ್ನ ಮಂಚದ ಪಕ್ಕ,
ಗಾಳಿಯನ್ನು ಸೋಸಿ ಮೂಗಿಗೆ ಕೊಡುವುದು.
ಇನ್ನೊಂದು ಅಡುಗೆಮನೆಯಲ್ಲಿ,
ಮೀನಿನ ತೊಟ್ಟಿಯಿಂದ ಕಿತ್ತದ್ದು
(ಮೀನು ಸತ್ತು ಎರಡು ವರ್ಷ),
ಟ್ರೂದಾಳ ಬಕೆಟ್ಟಿಗೆ ಗಾಳಿ ಊದುವುದು.
ಕತ್ತಲಲ್ಲಿ ಎರಡಕ್ಕೂ ಒಂದೇ ಶ್ರುತಿ.
ಯಾವುದು ಯಾರದೆಂದು ಒಮ್ಮೊಮ್ಮೆ
ನನಗೇ ತಿಳಿಯುವುದಿಲ್ಲ.

ಬಕೆಟ್ಟಿನಲ್ಲಿ ಮಳೆನೀರು. ನಲ್ಲಿಯದು ಕೂಡದು,
ಅದರ ಕ್ಲೋರಿನ್ ಎಲ್ಲರನ್ನೂ ಕೊಲ್ಲುತ್ತದಂತೆ.
ನೀರಲ್ಲಿ ಇಳಿಬಿಟ್ಟ ಕಾಲುಚೀಲ ನನ್ನದೇ,
ಹಿಮ್ಮಡಿಗೆ ತೇಪೆ ಹಾಕಿದ್ದು;
ಅದರೊಳಗೆ ಎರಡು ಹಿಡಿ ಕಳಿತ ಗೊಬ್ಬರ,
ಬೀಚ್ ಮರಗಳ ಬುಡದಿಂದ ಕೆರೆದು ತಂದ ತರಗು.
ಮೇಲೊಂದು ಚಮಚ ಕಾಕಂಬಿ.
ಇದನ್ನವಳು ಟೀ ಅನ್ನುತ್ತಾಳೆ.
ನನ್ನ ಟೀಗೆ ಇಷ್ಟು ಸಿಹಿ
ಹಾಕಿದ್ದು ನೆನಪಿಲ್ಲ.

ಮೂವತ್ತೊಂದು ವರ್ಷ ಬಿತೊಮ್‌ನ ಕಲ್ಲಿದ್ದಲು ಗಣಿ.
ಎಂಟುನೂರು ಮೀಟರು, ಪಂಜರ ಜಾರುವಾಗ
ಕಿವಿಯೊಳಗೆ ಗವ್ ಎನ್ನುವುದು.
ಮಣ್ಣೆ? ಕಣ್ಣು ಮಿಟುಕಿಸುವಷ್ಟರಲ್ಲಿ ದಾಟುತ್ತಿದ್ದೆವು.
ಮೇಲಂತಸ್ತಿನವರ ಹೆಸರೂ ಕೇಳದೆ
ಕೆಳಗಿನ ಮನೆಯಲ್ಲಿ ಆಯುಸ್ಸು ಕಳೆದ
ಬಾಡಿಗೆಯವನು ನಾನು.

ಒಂದು ಚಮಚ ಮಣ್ಣಿನಲ್ಲಿ, ಅನ್ನುತ್ತಾಳೆ ಇವಳು,
ಪೋಲೆಂಡಿನ ಜನಕ್ಕಿಂತ ಹೆಚ್ಚು ಜೀವ.
ಎಲ್ಲರೂ ಓಟು ಹಾಕುತ್ತಾರಾ ಅಂದೆ.
ಇಲ್ಲ, ಕೆಲಸ ಮಾಡುತ್ತಾರೆ ಅಂದಳು.
ನಕ್ಕೆ. ನಕ್ಕರೆ ನನಗೆ ಕೆಮ್ಮು.

ನಮ್ಮ ತೋಟವೆಂದರೆ ರೈಲುಹಳಿಯಾಚೆಯ ಒಂದು ತುಂಡು,
ಗಣಿಯ ಕಸದ ಗುಡ್ಡದ ಬುಡದಲ್ಲಿ.
ಅಗೆದರೆ ಬೂದಿ, ಇಟ್ಟಿಗೆಚೂರು, ಯಾರದೋ ಗುಂಡಿ.
ಪಕ್ಕದ ಎವಾಲ್ಡ್ ಚೀಲದಿಂದ ನೀಲಿ ಹರಳು ಎರಚುತ್ತಾನೆ.
ಅವನ ಟೊಮ್ಯಾಟೊ ಈ ವರ್ಷವೂ ನಮ್ಮದಕ್ಕಿಂತ ದಪ್ಪ.
ಆ ಮಾತನ್ನು ಈ ಮನೆಯಲ್ಲಿ ಆಡುವಂತಿಲ್ಲ.

ಶುಕ್ರವಾರ ರಾತ್ರಿ ಬಿರುಗಾಳಿಗೆ ಕರೆಂಟು ಹೋಯಿತು.
ಎರಡು ಮೋಟಾರೂ ಒಟ್ಟಿಗೇ ನಿಂತವು.
ಆ ಮೌನದ ಪರಿಚಯ ನನಗಿದೆ:
ಆಳದಲ್ಲಿ ಫ್ಯಾನು ನಿಂತರೆ
ಒಬ್ಬರ ಮುಖದ ಮೇಲೊಬ್ಬರು ದೀಪ ಹಿಡಿಯುತ್ತಿದ್ದೆವು,
ಮಾತಿಲ್ಲ.

ಟ್ರೂದಾ ಸಿಲಿಂಡರಿನ ತಿರುಪು ತಿರುಗಿಸಿದಳು,
ಮುಳ್ಳು ನೋಡಿದಳು, ಅಡುಗೆಮನೆಗೆ ಓಡಿದಳು.
ಸೌಟಿನ ಸದ್ದು. ಎತ್ತುವುದು, ಸುರಿಯುವುದು.
ಗಾಳಿಯಾಡದಿದ್ದರೆ ಬೆಳಗಿನೊಳಗೆ ಕೊಳೆತು ನಾರುತ್ತದೆ.
ಮತ್ತೆ ಇಲ್ಲಿಗೆ, ಮುಳ್ಳು ನೋಡಲು. ಮತ್ತೆ ಅಲ್ಲಿಗೆ.
ನಾನಂದೆ: ನೀನು ಅಲ್ಲೇ ಇರು,
ನಾನು ಒಬ್ಬ, ಅವರು ಕೋಟಿಗಟ್ಟಲೆ.
ಉತ್ತರ ಕೊಡಲಿಲ್ಲ.
ಸ್ವಲ್ಪ ಹೊತ್ತಿಗೆ ತುಳುಕುತ್ತ ತುಳುಕುತ್ತ
ಬಕೆಟ್ಟೇ ಕೋಣೆಗೆ ಬಂತು,
ಮಂಚದ ಪಕ್ಕ ಕೂತಿತು, ರೋಗಿ ನೋಡಲು ಬಂದ ನೆಂಟನಂತೆ.

ಅವಳ ರಟ್ಟೆ ಸೋತಾಗ ಸೌಟು ನನಗೆ.
ಹತ್ತು ಸಲ ಕಲಕು, ನಿಲ್ಲು.
ಹತ್ತು ಸಲ, ನಿಲ್ಲು.
ನೊರೆ ಏಳುತ್ತಿದೆಯೇ ಎಂದು ಮೇಣದ ಬತ್ತಿ ಬಗ್ಗಿಸಿದಳು,
ಒಂದು ಹನಿ ಮೇಣ ಹೊದಿಕೆ ಮೇಲೆ.
ಮೂಗಿನ ನಳಿಗೆಯನ್ನು ಒಂದು ಕ್ಷಣ ಸರಿಸಿ
ಬಾಗಿ ಮೂಸಿದೆ.
ಕೆಟ್ಟಿರಲಿಲ್ಲ.
ಕಾಡಿನ ನೆಲ, ಅಣಬೆ, ನೆಂದ ತೊಗಟೆ;
ಮೂವತ್ತೊಂದು ವರ್ಷ ದಿನಕ್ಕೆರಡು ಸಲ
ಮೂಸದೆ ದಾಟಿದ್ದು.
ಹಾಕ್ಕೋ ಅದನ್ನ, ಎಂದು ಗದರಿದಳು.

ನಾಲ್ಕು ಹತ್ತಕ್ಕೆ ಕರೆಂಟು ಬಂತು.
ನನ್ನದು ಮೊದಲು ಗುಂಯ್ ಅಂದಿತು,
ಮೀನಿನದು ತುಸು ತಡವಾಗಿ.

ಬೆಳಗಾಗುವ ಮೊದಲೇ ಅವಳು ಹೊರಟಳು,
ಬಿಸಿಲು ಏರಿದರೆ ಎಲೆಯ ಮೇಲೆ ಸಾಯುತ್ತವಂತೆ ಪಾಪ.
ಕಿಟಕಿಯಿಂದ ಕಂಡದ್ದು ಬಕೆಟ್ಟು, ಟ್ರಾಲಿ, ಅವಳ ಬೆನ್ನು.
ಹಳಿ ದಾಟುವಾಗ ನಿಂತು ಎರಡೂ ಕಡೆ ನೋಡಿದಳು.

ಈಗ ಹಗ್ಗದ ಮೇಲೆ ಕಾಲುಚೀಲ ಒಣಗುತ್ತಿದೆ, ಒಂಟಿ.
ಅದರ ಜೋಡಿ ನನ್ನ ಕಾಲಲ್ಲಿದೆ.